ಗುರುತಿನ ರೆಕ್ಕೆ

ಮುನಿರಾಬಾದಿನ ಮೀನುಮರಿ ಕೇಂದ್ರದಲ್ಲಿ
ನನ್ನ ಕೆಲಸಕ್ಕೆ ಹೆಸರಿರಲಿಲ್ಲ, ಕತ್ತರಿ ಇತ್ತು.
ದೀಪಾವಳಿಯ ಮುಂದೆ, ನಾಲ್ಕನೇ ಹೊಂಡದ ರೋಹುಗಳಿಗೆ
ಹೊಟ್ಟೆಯ ಎಡರೆಕ್ಕೆ, ಐದನೆಯದಕ್ಕೆ ಬಲ.
ಒದ್ದೆ ಗೋಣಿತಾಟಿನ ಮೇಲೆ ಮಲಗಿಸಿ
ಕಣ್ಣಿಗೆ ಅಂಗೈ ಮುಚ್ಚಿ
(ಕತ್ತಲಾದರೆ ಮೀನು ಸುಮ್ಮನಾಗುತ್ತದೆ,
ನನ್ನ ತಮ್ಮನೂ ಹಾಗೇ)
ಕಚಕ್.
ಉಗುರು ಕತ್ತರಿಸಿದಷ್ಟೇ ಸದ್ದು.
ಗುಲಾಬಿ ಔಷಧಿ ನೀರಲ್ಲಿ ರಕ್ತದ ಒಂದು ಎಳೆ
ನೂಲು ಬಿಚ್ಚಿದಂತೆ ಬಿಚ್ಚಿ ಹೋಯಿತು.
ಮುನ್ನೂರ ಹನ್ನೆರಡು, ಎಂದು ವಹಿಯಲ್ಲಿ ಬರೆದೆ.

ರೋಹಿಣಿ ಮಳೆಗೆ ನಡುವಿನ ಒಡ್ಡು ಕುಸಿಯಿತು.
ಎರಡು ಹೊಂಡ ಒಂದಾದವು,
ಅಣ್ಣ ಯಾರು ತಂಗಿ ಯಾರು ತಿಳಿಯದ ಹಾಗೆ.
ಮಿರುಗಕ್ಕೆ ಮರಿ ಮಾಡಿಸಬೇಕು; ಬಲೆ ಎಳೆದೆವು.
ಎಲ್ಲಕ್ಕೂ ಎರಡೆರಡು ರೆಕ್ಕೆ!

"ಕತ್ತರಿಸೇ ಇಲ್ಲ ನೀನು," ಅಂದರು ಸಾಹೇಬರು.
"ಕೂಲಿ ಮಾತ್ರ ತಗೊಂಡೀದಿ, ದ್ಯಾಮವ್ವ."
ಬಾಯಿಗೆ ಮಾತು ಬರಲಿಲ್ಲ.
ಕತ್ತರಿಯ ಕಣ್ಣು ಒತ್ತಿ ಒತ್ತಿ
ಹೆಬ್ಬೆರಳಿಗೆ ಬಿದ್ದ ಜಡ್ಡನ್ನು
ಯಾರಿಗೆ ತೋರಿಸಲಿ?

ರಾಯಚೂರಿಂದ ಕಲಿಯಲು ಬಂದಿದ್ದ ಮಂದಾಕಿನಿ
ಕಿಟಕಿಯಲ್ಲಿದ್ದ ಗಾಜಿನ ಭರಣಿ ತಂದಳು.
ಒಳಗೆ ಬೆರಳುದ್ದದ ಪಟ್ಟೆ ಮೀನು.
ಸೋಮವಾರ ಬಾಲ ಕತ್ತರಿಸಿದ್ದು, ಇವತ್ತು ಶುಕ್ರವಾರ.
ಭೂತಕನ್ನಡಿ ಹಿಡಿದು ನೋಡಿದೆ:
ಒಂದೊಂದು ಕಡ್ಡಿಯ ತುದಿಗೂ
ನೆನೆಸಿದ ಸಾಬುದಾಣಿಯ ಹಾಗೆ
ತಿಳಿಯಾದ ಒಂದು ಮೊಗ್ಗು.

ಮೊದಲ ರಾತ್ರಿಯೇ ಚರ್ಮ ತೆವಳಿ ಬಂದು
ಗಾಯವನ್ನು ಹೊದ್ದುಕೊಳ್ಳುತ್ತದಂತೆ.
ಕೆಳಗಿನ ಎಲುಬಿನ ಕಣಗಳು
ತಾವು ಎಲುಬೆಂಬುದನ್ನು ಸ್ವಲ್ಪ ಮರೆತು
ಎಳೆಯವಾಗುತ್ತವಂತೆ.
ಪೂರ್ತಿ ಮರೆಯುವುದಿಲ್ಲ. ತಿರುಗಿ ಎಲುಬೇ ಆಗುತ್ತವೆ.
ಬುಡಕ್ಕೆ ಕತ್ತರಿಸಿದರೆ ದಡದಡ ಬೆಳೆದು
ತುದಿಗೆ ಕತ್ತರಿಸಿದರೆ ನಿಧಾನಿಸಿ,
ಮೊದಲು ಎಷ್ಟಿತ್ತೋ ಅಷ್ಟಕ್ಕೆ ಬಂದು
ನಿಂತುಬಿಡುತ್ತವೆ.
ಅಳತೆಗೋಲು ಯಾರ ಕೈಲಿದೆ ಅಂದೆ.
"ಅದನ್ನೇ ಹುಡುಕಾಕತ್ತೀವಿ," ಅಂದಳು.

ಬಾಗಿಲಲ್ಲಿ ಬಲೆ ಹಿಂಡುತ್ತಿದ್ದ ಖಾಜಾಹುಸೇನ.
ಗಾಳಿಯಂತ್ರದ ಬೆಲ್ಟಿಗೆ ಹೋದದ್ದು
ಅವನ ತೋರುಬೆರಳಿನ ಮುಂದಿನ ಗಿಣ್ಣು,
ಒಂಬತ್ತು ವರ್ಷದ ಹಿಂದೆ, ಇದೇ ಹೊಂಡದ ದಂಡೆಗೆ.
"ಹಂಗಾದ್ರ ನನ್ನ ಬಟ್ಟಿಗೆ ಯಾಕ ನೆನಪಾಗಲಿಲ್ಲ?"
ಎಂದು ಕೇಳಿದ. ನಗಲಿಲ್ಲ.
ಮಂದಾಕಿನಿ ಭರಣಿಯ ಮುಚ್ಚಳ ಹಾಕಿದಳು,
ತೆಗೆದಳು, ಮತ್ತೆ ಹಾಕಿದಳು.

ಆಮೇಲೆ ಅವನೇ ಒಂದು ರೋಹು ಎತ್ತಿಕೊಂಡ.
ಒಳ್ಳೆಯ ಬೆರಳುಗಳಿಗೆಲ್ಲ ಹಗ್ಗದ ಜಡ್ಡು,
ಮೀನಿನ ಹೊಟ್ಟೆಯೂ ಹುಣಸೆ ತೊಗಟೆಯೂ ಒಂದೇ.
ಮೊಂಡು ಬೆರಳಿನ ತುದಿ ಮಾತ್ರ ಎಳೆಕಂದನ ಚರ್ಮ,
ಚಳಿಗೂ ಉರಿಯುತ್ತದೆ, ಬಿಸಿಲಿಗೂ.
ಅದನ್ನು ರೆಕ್ಕೆಯ ಬುಡದಿಂದ ಜಾರಿಸುತ್ತ ಬಂದ.
ಅರ್ಧಕ್ಕೆ ನಿಂತ.
"ಇಲ್ಲಿ. ಇಲ್ಲಿ ಕಡ್ಡಿ ಸೊಟ್ಟ ಅದ."
ಕಣ್ಣಿಗೆ ಏನೂ ಇರಲಿಲ್ಲ.
ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಡೊಂಕು,
ಹಳೆಯ ಕಡ್ಡಿಗೆ ಹೊಸದು ಬೆಸೆದ ಜಾಗ.

ಎಡ, ಅಂದ. ಬರೆದೆ.
ಎಡ. ಬಲ. ಎಡ. ಬಲ. ಬಲ.
ಸಾಹೇಬರು ಚಹಾ ತರಿಸಿದರು,
ಆರಿತು, ಇನ್ನೊಮ್ಮೆ ತರಿಸಿದರು.
ಹೊತ್ತು ಮುಳುಗಿ ಡ್ಯಾಮಿನ ದೀಪ ಹತ್ತುವವರೆಗೂ
ಆ ಮೊಂಡು ಬೆರಳು ಓದುತ್ತಲೇ ಇತ್ತು.

ಕೊನೆಗೆ ಹನ್ನೊಂದು ಉಳಿದವು.
ಎರಡು ಸಲ ಸವರಿದ, ಮೂರು ಸಲ.
ಸೊಟ್ಟವಿಲ್ಲ, ಗಂಟಿಲ್ಲ,
ನಾನು ಮುಟ್ಟಿದ್ದೆನೆಂಬುದಕ್ಕೆ
ಅವುಗಳ ಮೈಯಲ್ಲಿ ಸಾಕ್ಷಿಯೇ ಇಲ್ಲ.
ಯಾವ ಹೊಂಡಕ್ಕೆ ಬಿಡಲಿ ಅಂದೆ.
"ಅವು ಪೂರಾ ಮರ್ತಾವ," ಅಂದ. "ಹೊಳಿಗೆ ಬಿಡು."

ಬಕೀಟಿನ ಒಂದು ಹಿಡಿ ಅವನು, ಒಂದು ಹಿಡಿ ನಾನು.
ಡ್ಯಾಮಿನ ಕೆಳಗೆ, ಬಂಡೆಗಳ ನಡುವೆ
ಮಳೆಗಾಲದ ಮೊದಲ ಕೆಂಪು ನೀರು.
ಬಗ್ಗಿಸಿದೆವು.
ಒಂದೂ ತಿರುಗಿ ನೋಡಲಿಲ್ಲ.
ಖಾಜಾಹುಸೇನ ತೋರಿಸಿದ, ಅಗೋ ಅಲ್ಲಿ, ಅಲ್ಲಿ ಹೋತು
ಇಲ್ಲದ ಬೆರಳಿನಿಂದ.